ಒನಕೆ ಬೀಳುವ ಮುಂಚಿನ ಸದ್ದು

ಕಳೆದ ನವೆಂಬರ್‌ನಲ್ಲಿ ಓಬವ್ವ ಜಯಂತಿಗೆಂದು ಚಿತ್ರದುರ್ಗದ ನಮ್ಮ ಹವ್ಯಾಸಿ ತಂಡ ಒಂದು ನಾಟಕ ಆಡಿತು. ಅದಕ್ಕೆ ಕೀಬೋರ್ಡ್ ನುಡಿಸಿದವನು ನಾನು. ಸರ್ಕಾರ 2021ರಿಂದ ನವೆಂಬರ್ 11ನ್ನು ಓಬವ್ವ ಜಯಂತಿಯಾಗಿ ಆಚರಿಸುತ್ತಿರುವುದರಿಂದ ಆ ದಿನಗಳಲ್ಲಿ ಊರಿನ ರಂಗತಂಡಗಳಿಗೆ ಬಿಡುವಿರುವುದಿಲ್ಲ. ಹಾಡುಗಳು ಬೇಗ ಕೂಡಿಬಂದವು. ತಮಟೆ ಮತ್ತು ಉರುಮೆಯವರು ಹಳಬರು, ಅವರಿಗೆ ಹೇಳಿಕೊಡಬೇಕಾದದ್ದು ಏನೂ ಇರಲಿಲ್ಲ. ನನ್ನ ಸಂಜೆಗಳನ್ನೆಲ್ಲ ತೆಗೆದುಕೊಂಡದ್ದು ಅರ್ಧ ಸೆಕೆಂಡೂ ಇಲ್ಲದ ಒಂದು ಸದ್ದು.

ಕಥೆಯನ್ನು ದುರ್ಗದವರಿಗೆ ಹೇಳಬೇಕಿಲ್ಲ. ಕಹಳೆಯ ಮುದ್ದಹನುಮ ಊಟಕ್ಕೆ ಕುಳಿತ ಹೊತ್ತು, ನೀರು ತರಲು ಹೋದ ಹೆಂಡತಿ ಓಬವ್ವ, ಕಿಂಡಿಯಲ್ಲಿ ಒಬ್ಬೊಬ್ಬರಾಗಿ ನುಸುಳುತ್ತಿರುವ ಹೈದರಾಲಿಯ ಸೈನಿಕರು, ಒನಕೆ. ಇಲ್ಲಿನ ಮಕ್ಕಳಿಗೂ ಮುಂದೇನಾಗುತ್ತದೆ ಎಂಬುದು ಗೊತ್ತು. ನಾಟಕ ಮಾಡಿಸುವವನಿಗೆ ಇದೇ ಕಷ್ಟ. ನಮ್ಮ ನಿರ್ದೇಶಕರು ನಿವೃತ್ತ ಪ್ರೌಢಶಾಲಾ ಶಿಕ್ಷಕರು, ಎಲ್ಲರೂ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತೇವೆ. ಮೊದಲ ತಾಲೀಮಿನಲ್ಲಿಯೇ ಅವರು ನನಗೆ ಹೇಳಿದರು: "ಪೆಟ್ಟಿನ ಸದ್ದು ಯಾರು ಬೇಕಾದರೂ ಮಾಡುತ್ತಾರೆ. ಪೆಟ್ಟು ಬೀಳುವ ಮುಂಚೆ ಎದೆಯೊಳಗೆ ಏನೋ ಮೇಲಕ್ಕೆ ಎಳೆದಂತಾಗುತ್ತದಲ್ಲ, ಅದು ಬೇಕು. ಪೆಟ್ಟು ಬಿದ್ದ ಕ್ಷಣಕ್ಕೆ ಅದು ಕಡಿದುಹೋಗಬೇಕು."

ಅವರು ಕೇಳುತ್ತಿದ್ದದ್ದು ರಿವರ್ಸ್ ರಿವರ್ಬ್. ಆ ಹೆಸರು ಅವರಿಗೆ ಗೊತ್ತಿರಲಿಲ್ಲ, ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ. ಸಾಮಾನ್ಯ ರಿವರ್ಬ್ ಎಂದರೆ ಸದ್ದು ಹುಟ್ಟಿದ ಮೇಲೆ ಗೋಡೆ, ಚಾವಣಿ, ನೆಲಗಳಿಗೆ ತಾಗಿ ಸಾವಿರಾರು ಚೂರುಗಳಾಗಿ ಮರಳಿ ಬಂದು ಮೆಲ್ಲಗೆ ಕರಗುವ ಅನುರಣನ. ಅದು 60 ಡೆಸಿಬಲ್‌ನಷ್ಟು ತಗ್ಗಲು ತೆಗೆದುಕೊಳ್ಳುವ ಅವಧಿಯನ್ನು ಅನುರಣನ ಕಾಲ ಎನ್ನುತ್ತಾರೆ. ರಿವರ್ಸ್ ರಿವರ್ಬ್‌ನಲ್ಲಿ ಈ ಬಾಲ ತಲೆಕೆಳಗಾಗುತ್ತದೆ: ಮೊದಲು ಸಣ್ಣಗೆ ಶುರುವಾಗಿ, ಉಬ್ಬುತ್ತ ಬಂದು, ತುದಿಯಲ್ಲಿ ಥಟ್ಟನೆ ನಿಲ್ಲುತ್ತದೆ. ಪ್ರಕೃತಿಯಲ್ಲಿ ಇಂಥ ಸದ್ದು ಇಲ್ಲ. ಯಾವ ಗುಡಿಯೂ ಯಾವ ಗುಹೆಯೂ ಗಂಟೆ ಬಾರಿಸುವ ಮೊದಲೇ ಅನುರಣಿಸುವುದಿಲ್ಲ. ಕಿವಿ ಬೆಚ್ಚುವುದು ಅದಕ್ಕೇ ಇರಬೇಕು ಎಂದು ನನಗನ್ನಿಸುತ್ತದೆ.

ನನ್ನ ಬಳಿ ಇರುವುದು ಎಕ್ಸ್‌ಜಿ ಗುರುತಿನ ಯಮಹಾ ಅರೇಂಜರ್ ಕೀಬೋರ್ಡ್, ಅಂದರೆ ತಾಳ, ಹಿನ್ನೆಲೆಗಳನ್ನೂ ತಾನೇ ನುಡಿಸಿಕೊಡುವ ವಾದ್ಯ. ಎಕ್ಸ್‌ಜಿ ಎಂಬುದು ಆ ಕಂಪನಿ 1994ರಲ್ಲಿ ತಂದ ಧ್ವನಿ ಮತ್ತು ಪರಿಣಾಮಗಳ ಒಂದು ಕ್ರಮ. ಅದೇ ಕಂಪನಿಯ ಕೀಬೋರ್ಡುಗಳನ್ನು ಮದುವೆ ವಾದ್ಯಗೋಷ್ಠಿಗಳಲ್ಲಿಯೂ ಭಜನೆ ಮೇಳಗಳಲ್ಲಿಯೂ ಬೇಕಾದಷ್ಟು ನೋಡುತ್ತೇವೆ. ಅದನ್ನು ನುಡಿಸುವ ಬಹುಪಾಲು ಗೆಳೆಯರು ರಿವರ್ಬ್ ಎಂದರೆ ಒಂದು ಗುಂಡಿ ಎಂದುಕೊಂಡಿದ್ದಾರೆ: ಭಕ್ತಿಗೀತೆಗೆ ಹೆಚ್ಚು, ಸಿನಿಮಾ ಹಾಡಿಗೆ ಕಡಿಮೆ. ಆ ಗುಂಡಿಯ ಹಿಂದೆ ಒಂದು ಪಟ್ಟಿಯೇ ಇದೆ. ಹಾಲ್, ರೂಮ್, ಸ್ಟೇಜ್, ಪ್ಲೇಟ್, ವೈಟ್ ರೂಮ್, ಟನಲ್, ಬೇಸ್‌ಮೆಂಟ್. ಆ ಪಟ್ಟಿಯನ್ನು ಎಷ್ಟು ಹುಡುಕಿದರೂ ರಿವರ್ಸ್ ಎಂಬುದು ಸಿಗುವುದಿಲ್ಲ. ಅದು ಇರುವುದು ಪಕ್ಕದ ಮನೆಯಲ್ಲಿ, ಡಿಎಸ್‌ಪಿ ಅಥವಾ ವೇರಿಯೇಷನ್ ಎಂಬ ವಿಭಾಗದಲ್ಲಿ, 'ಗೇಟ್ ರಿವರ್ಬ್' ಎಂಬುದರ ಜೊತೆಗೆ 'ರಿವರ್ಸ್ ಗೇಟ್' ಎಂಬ ಹೆಸರಿನಲ್ಲಿ. ರಿವರ್ಬ್ ವಿಭಾಗದ ಪರಿಣಾಮ ಎಲ್ಲ ಧ್ವನಿಗಳಿಗೂ ಒಟ್ಟಿಗೆ ಹಂಚಿಕೆಯಾಗುತ್ತದೆ. ಡಿಎಸ್‌ಪಿಯನ್ನು ಇನ್ಸರ್ಷನ್ ಕ್ರಮದಲ್ಲಿ ಇಟ್ಟರೆ ಒಂದೇ ಧ್ವನಿಗೆ ಕಟ್ಟಬಹುದು. ನನಗೆ ಇದು ಬಹಳ ಅನುಕೂಲವಾಯಿತು. ಕೀಬೋರ್ಡಿನ ಮಣೆಗಳನ್ನು (ಬೆರಳಿಂದ ಒತ್ತುವ ಕೀಗಳನ್ನು) ಇಬ್ಭಾಗ ಮಾಡಿ ಎಡಗೈಯ ಧ್ವನಿಗೆ ಮಾತ್ರ ರಿವರ್ಸ್ ಗೇಟ್ ಹಾಕಿ, ಬಲಗೈಯನ್ನು ಹಾಡಿಗೆ ಬಿಟ್ಟೆ.

ಆಯ್ಕೆ ಮಾಡಿ ಮೊದಲ ಸಲ ನುಡಿಸಿದಾಗ ಬಂದದ್ದನ್ನು ಕೇಳಿ ಮೇಷ್ಟ್ರು ಇದಲ್ಲ ಎಂದು ತಲೆಯಾಡಿಸಿಬಿಟ್ಟರು. ಪಿಟೀಲು ಗುಂಪಿನ ಧ್ವನಿಯನ್ನು ಹಿಡಿದು ಒತ್ತಿದ್ದೆ. ಅದು ಉಬ್ಬಲೂ ಇಲ್ಲ, ಕಡಿದುಹೋಗಲೂ ಇಲ್ಲ. ಒಂದಿಷ್ಟು ಮಸುಕಾಯಿತು, ಅಷ್ಟೇ. ಕಾರಣ ತಿಳಿಯಬೇಕಾದರೆ ಈ ಪರಿಣಾಮ ಒಳಗೆ ಏನು ಮಾಡುತ್ತದೆ ಎಂಬುದನ್ನು ನೋಡಬೇಕು. ಕೀಬೋರ್ಡಿಗೆ ಭವಿಷ್ಯ ಗೊತ್ತಿಲ್ಲ. ನಾನು ಮಣೆ ಒತ್ತುವ ಮೊದಲು ಅದಕ್ಕೆ ಹಿಂದುಮುಂದು ಮಾಡಲು ಯಾವ ಸದ್ದೂ ಇಲ್ಲ. ಹಾಗಾಗಿ ಅದು ಬಂದ ಸದ್ದಿನ ಹಲವಾರು ನಕಲುಗಳನ್ನು ಒಂದರ ಹಿಂದೊಂದು ತಡಮಾಡಿ ಕಳಿಸುತ್ತದೆ. ಮೊದಲ ನಕಲು ತೀರ ಸಣ್ಣದು, ಮುಂದಿನದು ಸ್ವಲ್ಪ ದೊಡ್ಡದು, ಕೊನೆಯದು ಎಲ್ಲಕ್ಕಿಂತ ಜೋರು, ಆಮೇಲೆ ಏನೂ ಇಲ್ಲ. ಟಕ್ ಎಂಬ ಚಿಕ್ಕ ಸದ್ದು ಕೊಟ್ಟರೆ ಆ ನಕಲುಗಳ ಏರಿಕೆ ಸ್ಪಷ್ಟವಾಗಿ ಕೇಳುತ್ತದೆ. ಎಳೆದ ಸ್ವರ ಕೊಟ್ಟರೆ ನಕಲುಗಳೆಲ್ಲ ಒಂದರ ಮೇಲೊಂದು ಬಿದ್ದು ಏರಿಕೆ ಮುಚ್ಚಿಹೋಗುತ್ತದೆ. ರಿವರ್ಸ್ ಗೇಟ್ ಕೆಲಸಕ್ಕೆ ಬಾರದು ಎಂದು ಕೈಬಿಟ್ಟವರಲ್ಲಿ ಬಹಳ ಮಂದಿ ಅದಕ್ಕೆ ಎಳೆದ ಸ್ವರ ಕೊಟ್ಟು ನೋಡಿದವರೇ ಆಗಿರುತ್ತಾರೆ ಎಂಬುದು ನನ್ನ ಅಂದಾಜು.

ಹಾಗಾದರೆ ಯಾವ ಧ್ವನಿ? ಡ್ರಮ್ ಕಿಟ್‌ನ ವುಡ್ ಬ್ಲಾಕ್ ಕೊಟ್ಟೆ. ಏರಿಕೆ ಸೊಗಸಾಗಿ ಬಂತು, ಆದರೆ ಜಲ್ಲಿ ಸುರಿದ ಹಾಗೆ ಬಿಡಿಬಿಡಿಯಾಗಿತ್ತು. ಸಿಂಬಲ್ ಕೊಟ್ಟಾಗ ಉಸಿರು ಎಳೆದುಕೊಂಡಂಥ ಸದ್ದು ಬಂತು. ಯುವಕರೆಲ್ಲ ಅದನ್ನೇ ಮೆಚ್ಚಿದರು. ಮೇಷ್ಟ್ರು ಮಾತ್ರ ಅದು ಟಿ.ವಿ. ಧಾರಾವಾಹಿಗಳಲ್ಲಿ ಸೊಸೆ ತಿರುಗಿ ನೋಡಿದಾಗಲೆಲ್ಲ ಬರುತ್ತದೆ, ಬೇಡ ಎಂದರು. ಅವರ ಮಾತು ಸರಿಯಾಗಿತ್ತು. ಕೊನೆಗೆ ಉಳಿದದ್ದು ಪಿಯಾನೊದ ಕೆಳಗಿನ ಸ್ಥಾಯಿ, ಅದೂ ಪಕ್ಕಪಕ್ಕದ ಎರಡು ಮಣೆಗಳು: ಷಡ್ಜ ಮತ್ತು ಶುದ್ಧ ರಿಷಭ. ಬೆರಳನ್ನು ಕೂಡಲೇ ಎತ್ತಿಬಿಡಬೇಕು. ದೃಶ್ಯ ಮುಗಿದ ಮೇಲೆ ಬರುವ ಹಾಡಿನಲ್ಲಿ ತೋಡಿಯ ನೆರಳಿದೆ, ಆ ರಾಗದಲ್ಲಿಯೂ ಶುದ್ಧ ರಿಷಭವೇ ಇರುವುದು. ಪೆಟ್ಟಿನ ಮುಂಚಿನ ಸದ್ದಿನಲ್ಲಿ ಹಾಡಿನ ಸ್ವರ ಆಗಲೇ ಬಂದಿರುತ್ತದೆ ಎಂಬುದು ಪ್ರೇಕ್ಷಕರಲ್ಲಿ ಯಾರಿಗೂ ತಿಳಿಯಲಿಕ್ಕಿಲ್ಲ. ನನಗೆ ಅದು ಬೇಕಾಗಿತ್ತು.

ಧ್ವನಿ ಸಿಕ್ಕ ಮೇಲೆ ಸಂಖ್ಯೆಗಳ ಸರದಿ. ಎಲ್ಲಕ್ಕಿಂತ ಮೊದಲು ಮಾಡಬೇಕಾದದ್ದು ಡ್ರೈ ಮತ್ತು ವೆಟ್ ಎಂಬ ತಕ್ಕಡಿಯನ್ನು ಪೂರ್ತಿ ವೆಟ್ ಕಡೆಗೆ ವಾಲಿಸುವುದು. ಪರದೆಯ ಮೇಲೆ ಅದು ಡಿ63 ಎಂಬಲ್ಲಿಂದ ಶುರುವಾಗಿ, ಎರಡೂ ಸಮವಾಗಿರುವ ನಡುವನ್ನು ದಾಟಿ, ಡಬ್ಲ್ಯು63 ಎಂಬಲ್ಲಿ ಮುಗಿಯುತ್ತದೆ. ಡ್ರೈ ಎಂದರೆ ಮಣೆ ಒತ್ತಿದ ಕೂಡಲೇ ಕೇಳುವ ಮೂಲ ಸದ್ದು. ಅದು ಕಿಂಚಿತ್ ಉಳಿದರೂ ಟಕ್ ಎಂದು ಮೊದಲೇ ಕೇಳಿಬಿಟ್ಟು ಗುಟ್ಟು ರಟ್ಟಾಗುತ್ತದೆ. ಮೂಲ ಪೂರ್ತಿ ಮರೆಯಾದಾಗ ಮಾತ್ರ ಎಲ್ಲಿಂದಲೋ ಏನೋ ಬರುತ್ತಿದೆ ಎಂಬ ಭಾವ ಹುಟ್ಟುತ್ತದೆ.

ಎರಡನೆಯದು ಅಷ್ಟೇ ಮುಖ್ಯ, ಆದರೆ ಯಾರೂ ಹೇಳುವುದಿಲ್ಲ. ಎಡಗೈಯ ಧ್ವನಿಗೆ ಹೋಗುತ್ತಿರುವ ಮಾಮೂಲಿ ಹಾಲ್ ರಿವರ್ಬ್‌ನ ಪಾಲನ್ನು ಸೊನ್ನೆಗೆ ಇಳಿಸಬೇಕು. ವಿದ್ಯುನ್ಮಾನ ವಾದ್ಯಗಳು ಒಂದಕ್ಕೊಂದು ಆದೇಶ ಕೊಡುವ ಮಿಡಿ ಭಾಷೆಯಲ್ಲಿ ಅದು 91ನೆಯ ಕಂಟ್ರೋಲ್, 0ಯಿಂದ 127ರವರೆಗೆ ಇರುತ್ತದೆ. ಮಿಕ್ಸರ್ ಪರದೆಯಲ್ಲಿಯೂ ಪ್ರತಿ ಧ್ವನಿಗೆ ಪ್ರತ್ಯೇಕವಾಗಿ ಸಿಗುತ್ತದೆ. ಅದನ್ನು ಹಾಗೆಯೇ ಬಿಟ್ಟರೆ ರಿವರ್ಸ್ ಗೇಟ್ ಥಟ್ಟನೆ ಕಡಿದ ಜಾಗದಲ್ಲಿ ಹಾಲ್ ರಿವರ್ಬ್‌ನ ಬಾಲ ಬಂದು ಕುಳಿತು ಕಡಿತವನ್ನು ಮುಚ್ಚಿಬಿಡುತ್ತದೆ. ಮೇಷ್ಟ್ರು ಕೇಳಿದ್ದೇ ಆ ಕಡಿತ.

ರೂಮ್ ಸೈಜ್ ಎಂಬುದು 0.1ರಿಂದ 7.0ರವರೆಗೆ ಇದೆ. ಹೆಸರು ಕೋಣೆಯ ಗಾತ್ರ ಎಂದರೂ ಇಲ್ಲಿ ಅದು ಅಳೆಯುವುದು ಕಾಲವನ್ನು. ಹೆಚ್ಚಿಸಿದಷ್ಟೂ ನಕಲುಗಳ ನಡುವಿನ ಅಂತರ ಹಿಗ್ಗಿ ಏರಿಕೆ ಉದ್ದವಾಗುತ್ತದೆ. ಇನಿಷಿಯಲ್ ಡಿಲೇ ಒತ್ತಿದ್ದಕ್ಕೂ ಏರಿಕೆ ಶುರುವಾಗುವುದಕ್ಕೂ ನಡುವಿನ ಕಾಯುವಿಕೆ, 200 ಮಿಲಿಸೆಕೆಂಡಿನವರೆಗೆ ಕೊಡಬಹುದು. ನಾನು ಅದನ್ನು ತಳದಲ್ಲಿಯೇ ಇಟ್ಟೆ, ಏಕೆಂದರೆ ನನ್ನ ಬೆರಳಿಗೂ ಸದ್ದಿಗೂ ನಡುವೆ ಇನ್ನೊಂದು ಅಂತರ ಬೇಕಿರಲಿಲ್ಲ. ಫೀಡ್‌ಬ್ಯಾಕ್ ಸೊನ್ನೆ. ಅದನ್ನು ಯಾವ ದಿಕ್ಕಿಗೆ ಸರಿಸಿದರೂ ಏರಿಕೆ ಮತ್ತೆ ಮತ್ತೆ ಮರುಕಳಿಸಿ ಕಡಿತ ಕೊಳೆಯಾಗುತ್ತದೆ.

ಉಳಿದವು ಸದ್ದಿನ ಮೈಬಣ್ಣಕ್ಕೆ ಸೇರಿದವು, ಅವಕ್ಕೆ ಉತ್ತರ ಕೀಬೋರ್ಡಿನಲ್ಲಿ ಸಿಗುವುದಿಲ್ಲ ಎನಿಸಿ ಒಂದು ಬೆಳಿಗ್ಗೆ ಕೋಟೆಗೆ ಹೋದೆ. ಪ್ರವಾಸದ ಬಸ್ಸುಗಳು ಬರುವ ಮೊದಲೇ ಓಬವ್ವನ ಕಿಂಡಿಯ ಬಳಿ ಇರಬೇಕೆಂದು ಬೇಗನೆ ಹತ್ತಿದೆ. ಮೇಲಿನ ಬಯಲಿನಲ್ಲಿ ದೊಡ್ಡ ಬಂಡೆಗೆ ಎದುರಾಗಿ ನಿಂತು ಚಪ್ಪಾಳೆ ತಟ್ಟಿದರೆ ಪ್ರತಿಧ್ವನಿ ಬಿಡಿಯಾಗಿ ಮರಳುತ್ತದೆ. ಬಂಡೆ 17 ಮೀಟರ್ ದೂರವಿದ್ದರೆ ಸದ್ದು ಹೋಗಿ ಬರಲು ಸುಮಾರು ಸೆಕೆಂಡಿನ ಹತ್ತನೆಯ ಒಂದು ಭಾಗ ಬೇಕು, ಕಿವಿ ಅದನ್ನು ಮೂಲದಿಂದ ಬೇರೆಯಾಗಿ ಗುರುತಿಸುತ್ತದೆ. ಕಿಂಡಿಯೊಳಗೆ ಬಗ್ಗಿದಾಗ ಎಲ್ಲವೂ ಬದಲಾಯಿತು. ಅಲ್ಲಿ ಬಂಡೆ ಎರಡೂ ಭುಜಕ್ಕೆ ತಾಗುವಷ್ಟು ಹತ್ತಿರ. ಚಪ್ಪಲಿಯ ಸದ್ದು ಕೂಡ ಒತ್ತಾಗಿ, ಗಿಡ್ಡವಾಗಿ, ಮೈಗೆ ಅಂಟಿಕೊಂಡಂತೆ ಬರುತ್ತದೆ. ಹೊರಗೆ ತಣ್ಣೀರು ದೋಣಿ ಎಂಬ ನೀರಿನ ತಾಣದ ಕಡೆಯಿಂದ ಯಾರೋ ಕರೆದದ್ದು ಒಳಕ್ಕೆ ಬರುವಷ್ಟರಲ್ಲಿ ಮೊನಚು ಕಳೆದುಕೊಂಡು ಬರಿಯ ಗುಂಗಾಗಿತ್ತು. ನುಸುಳುತ್ತಿದ್ದವನಿಗೆ ಕೇಳಿಸಿದ್ದು ಇದೇ ತಾನೆ? ಅವನ ಕಿವಿಗೆ ಓಬವ್ವ ಇರಲಿಲ್ಲ, ತನ್ನ ಉಸಿರು ಮಾತ್ರ ಇತ್ತು. ನಾನು ಬಹಳ ಹೊತ್ತು ಅಲ್ಲಿಯೇ ಕುಳಿತೆ. ಚರಿತ್ರೆಯಲ್ಲಿ ದುರ್ಗ ಹೈದರನ ಕೈಸೇರಿದ್ದು 1779ರಲ್ಲಿ. ಕೋಟೆ ಕೊನೆಗೆ ಬಿತ್ತು ಎಂಬುದು ಗೊತ್ತಿದ್ದೂ ಆ ಮಧ್ಯಾಹ್ನವನ್ನು ನಾವು ಇನ್ನೂ ಹೇಳಿಕೊಳ್ಳುತ್ತೇವೆ.

ಮನೆಗೆ ಬಂದು ಡೆನ್ಸಿಟಿಯನ್ನು ಗರಿಷ್ಠವಾದ 3ಕ್ಕೆ ಏರಿಸಿದೆ. ನಕಲುಗಳ ನಡುವೆ ಸಂದು ಉಳಿಯಬಾರದು. ಡಿಫ್ಯೂಷನ್ ಎಂಬುದು ಎಡ-ಬಲಕ್ಕೆ ಹರಡುವ ಪ್ರಮಾಣ. ಹೆಡ್‌ಫೋನ್‌ನಲ್ಲಿ ಹರಡಿದಷ್ಟೂ ಚೆಂದ ಎನಿಸುತ್ತದೆ, ಆದರೆ ಕಿಂಡಿ ಕಿರಿದು, ಸದ್ದು ಒಂದೇ ಕಡೆಯಿಂದ ಬರಬೇಕು. ಅದನ್ನು ತಗ್ಗಿಸಿದೆ. ಹೈ ಡ್ಯಾಂಪ್ 0.1ರಿಂದ 1.0ರವರೆಗೆ ಇರುತ್ತದೆ, ಇಳಿಸಿದಷ್ಟೂ ಮೊನಚು ಬೇಗ ಸಾಯುತ್ತದೆ. ಅದನ್ನು ನಡುವಿಗಿಂತ ಕೆಳಗೆ ತಂದೆ. ಮೇಲಿನ ಕಂಪನಗಳನ್ನು ತಡೆಯುವ ಲೋ ಪಾಸ್ ಫಿಲ್ಟರನ್ನೂ ಇಳಿಸಿದಾಗ ಪಿಯಾನೊದ ಗುರುತೇ ಸಿಗದಂತಾಯಿತು. ಲೈವ್‌ನೆಸ್ ಎಂಬುದನ್ನು ಮಾತ್ರ ಕೇಳಿ ಕೇಳಿಯೇ ಕೂರಿಸಬೇಕಾಯಿತು. ನನ್ನ ಕಿವಿಗೆ 6 ಮತ್ತು 7ರ ನಡುವೆ ವ್ಯತ್ಯಾಸ ತಿಳಿಯುತ್ತಿತ್ತು, 8ರ ಮೇಲೆ ಬರಿಯ ಗದ್ದಲ.

ಈಗ ಕಠಿಣವಾದದ್ದು ಬಂತು. ಏರಿಕೆ ಎಷ್ಟು ಉದ್ದ ಇರಬೇಕು?

ಹಾಡಾಗಿದ್ದರೆ ಲೆಕ್ಕ ಸುಲಭ. 60,000ವನ್ನು ಲಯದ ವೇಗದಿಂದ ಭಾಗಿಸಿದರೆ ಒಂದು ಎಣಿಕೆಯ ಮಿಲಿಸೆಕೆಂಡು ಸಿಗುತ್ತದೆ. ನಿಮಿಷಕ್ಕೆ 120 ಎಣಿಕೆ ಇದ್ದರೆ 500, 80 ಇದ್ದರೆ 750. ಎಣಿಕೆಗೆ ಒಂದು ಹೆಜ್ಜೆ ಮುಂಚೆ ಒತ್ತಿದರೆ ಏರಿಕೆಯ ತುದಿ ಸರಿಯಾಗಿ ಎಣಿಕೆಯ ಮೇಲೆ ಬೀಳುತ್ತದೆ. ಇಲ್ಲಿ ತಾಳವಿಲ್ಲ. ಇರುವುದು ಓಬವ್ವನ ಪಾತ್ರ ಮಾಡುವ ಹೆಣ್ಣುಮಗಳ ಕೈ. ಅವರು ಪದವಿಪೂರ್ವ ಕಾಲೇಜಿನ ಉಪನ್ಯಾಸಕಿ, ನಾವೆಲ್ಲ ಮೇಡಂ ಎನ್ನುತ್ತೇವೆ, ಅವರು ನನ್ನನ್ನು ಅಣ್ಣ ಎನ್ನುತ್ತಾರೆ. ರೂಮ್ ಸೈಜ್ ಹೊಂದಬೇಕಾದದ್ದು ಅವರ ಒನಕೆ ತುತ್ತತುದಿಯಿಂದ ಕೆಳಗೆ ಬರುವ ಅವಧಿಗೆ.

ಅದನ್ನು ಅಳೆಯಲು ಮೊಬೈಲ್ ಸಾಕಾಯಿತು. ಮೊಬೈಲ್ ವಿಡಿಯೊದಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 30 ಚೌಕಟ್ಟುಗಳಿರುತ್ತವೆ, ಅಂದರೆ ಒಂದೊಂದು ಚೌಕಟ್ಟು ಸುಮಾರು 33 ಮಿಲಿಸೆಕೆಂಡು. ತಾಲೀಮಿನಲ್ಲಿ ಅವರು ಹೊಡೆಯುವುದನ್ನು ಪಕ್ಕದಿಂದ ಚಿತ್ರಿಸಿಕೊಂಡು, ಒನಕೆ ಮೇಲೆ ನಿಂತ ಚೌಕಟ್ಟಿನಿಂದ ತಾಗಿದ ಚೌಕಟ್ಟಿನವರೆಗೆ ಎಣಿಸಿದೆ. 13, 14, ಮತ್ತೆ 13. ಸುಮಾರು 450 ಮಿಲಿಸೆಕೆಂಡು. ಸುಸ್ತಾದಾಗಲೂ ಅವರ ಪೆಟ್ಟು ಹೆಚ್ಚು ಕಡಿಮೆ ಅಷ್ಟೇ ಕಾಲ ತೆಗೆದುಕೊಳ್ಳುತ್ತಿತ್ತು. ಹೇಳಿದಾಗ ಅವರು ನಕ್ಕು, ಚಿಕ್ಕಂದಿನಲ್ಲಿ ಅಜ್ಜಿಯ ಜೊತೆ ನಿಂತು ಭತ್ತ ಕುಟ್ಟಿದ ಕೈ ಇದು ಎಂದರು.

ಇನ್ನೊಂದು ಬದಿಯಿಂದ ಕೀಬೋರ್ಡಿನ ಏರಿಕೆಯನ್ನೂ ಅಳೆಯಬೇಕಿತ್ತು. ಅದನ್ನು ತಂತಿಯ ಮೂಲಕ ಕಂಪ್ಯೂಟರಿಗೆ ಕೊಟ್ಟು ಅಡಾಸಿಟಿ ಎಂಬ ಧ್ವನಿ ಸಂಕಲನದ ತಂತ್ರಾಂಶದಲ್ಲಿ ಧ್ವನಿಮುದ್ರಿಸಿದರೆ ಅಲೆಯ ಚಿತ್ರ ಎದುರಿಗೇ ಬರುತ್ತದೆ: ಬಲಕ್ಕೆ ಹೋದಂತೆ ಅಗಲವಾಗುವ ಬೆಣೆ, ತುದಿಯಲ್ಲಿ ಗೋಡೆ. ಬೆಣೆಯ ಉದ್ದ 450ರ ಹತ್ತಿರ ಬರುವವರೆಗೆ ರೂಮ್ ಸೈಜನ್ನು ಸರಿಸುತ್ತ ಹೋದೆ. ಅದು 5ರ ಆಸುಪಾಸಿನಲ್ಲಿ ನಿಂತಿತು. ಈ ಅಭ್ಯಾಸ ಮಾಡುವವರು ಬ್ಲೂಟೂತ್ ಸ್ಪೀಕರನ್ನು ದೂರ ಇಡಬೇಕು. ಅದು ತನ್ನ ಪಾಲಿಗೆ ಒಂದಷ್ಟು ತಡ ಸೇರಿಸುತ್ತದೆ, ಬೆರಳು ಅದಕ್ಕೆ ಹೊಂದಿಕೊಂಡುಬಿಟ್ಟರೆ ವೇದಿಕೆಯಲ್ಲಿ ಎಲ್ಲವೂ ಮುಂದೋಡುತ್ತದೆ.

ಅಳತೆ ಕೂಡಿದರೂ ಮೊದಮೊದಲು ಸದ್ದು ಪೆಟ್ಟಿಗಿಂತ ಹಿಂದೆಯೇ ಬೀಳುತ್ತಿತ್ತು. ನನ್ನ ಕಣ್ಣು ಅವರ ಒನಕೆಯ ತುದಿಯ ಮೇಲಿತ್ತು. ಒನಕೆ ನಿಂತದ್ದನ್ನು ಕಂಡು, ಮನಸ್ಸಿಗೆ ತಿಳಿದು, ಬೆರಳು ಇಳಿಯುವಷ್ಟರಲ್ಲಿ ಅದು ಅರ್ಧ ದಾರಿಗೆ ಬಂದಿರುತ್ತಿತ್ತು. ದಾರಿ ತೋರಿಸಿದವರು ಮೇಡಂ. "ಅಣ್ಣ, ಒನಕೆ ನೋಡಬೇಡಿ, ನನ್ನ ಹೆಗಲು ನೋಡಿ. ಹೊಡೆಯುವ ಮುಂಚೆ ಹೆಗಲು ಮೇಲೆ ಹೋಗಿ ಒಂದು ಗಳಿಗೆ ನಿಲ್ಲುತ್ತದೆ." ನಿಜವಾಗಿ ಹಾಗೆಯೇ ಇತ್ತು. ಒನಕೆ ನಿಲ್ಲುವುದಕ್ಕೂ ಮುಂಚೆ ಹೆಗಲು ಗಟ್ಟಿಯಾಗುತ್ತಿತ್ತು. ಅಲ್ಲಿಂದ ನಾನು ನೋಡಿದ್ದು ಹೆಗಲನ್ನು ಮಾತ್ರ. ಸೆರಗು ಹೆಗಲನ್ನು ಮುಚ್ಚದಂತೆ ಸೊಂಟಕ್ಕೆ ಸಿಕ್ಕಿಸುವಂತೆ ಮೇಷ್ಟ್ರು ವೇಷಭೂಷಣದವರಿಗೆ ಹೇಳಿದರು. ಒನಕೆ ಹಿಡಿದು ನಿಂತವಳಿಗೆ ಅದೇ ಸಹಜ ಕೂಡ.

ಈ ಪರಿಣಾಮದ ಕುರಿತು ನಾನು ಒತ್ತಿ ಹೇಳಬೇಕಾದದ್ದು ಇದೇ. ಹಾಲ್ ರಿವರ್ಬ್ ಹಾಕಿ ನುಡಿಸುವವನು ನುಡಿಸಿ ಆದ ಮೇಲೆ ಕೇಳುತ್ತಾನೆ. ರಿವರ್ಸ್ ಹಾಕಿದವನು ಇನ್ನೂ ಆಗದೆ ಇರುವುದಕ್ಕೆ ಮೊದಲೇ ಮಾತು ಕೊಟ್ಟಿರುತ್ತಾನೆ. ಒತ್ತಿದ ಮೇಲೆ ತಡೆಯಲು ಬರುವುದಿಲ್ಲ. ಎದುರಿಗಿರುವ ಕಲಾವಿದರ ಮೈಯನ್ನು ನಂಬದೆ ಅದನ್ನು ನುಡಿಸಲಾಗದು. ತಾಲೀಮು ಮುಂದುವರಿದಂತೆ ನನ್ನ ಮತ್ತು ಮೇಡಂ ನಡುವೆ ಆ ನಂಬಿಕೆ ಬೆಳೆಯಿತು, ಅದು ಬೆಳೆದ ಮೇಲೆ ಸಂಖ್ಯೆಗಳನ್ನು ಮುಟ್ಟುವ ಅಗತ್ಯ ಬರಲಿಲ್ಲ.

ಆದರೂ ಮೊದಲ ಪೆಟ್ಟಿಗೆ ಈ ಗಿಡ್ಡ ಏರಿಕೆ ಸಾಲದಾಯಿತು. ಮೊದಲ ಸೈನಿಕ ತಲೆ ಹಾಕುವಾಗ ಓಬವ್ವ ಒನಕೆ ಎತ್ತಿ ಕಾಯುತ್ತಾಳೆ. ಮೇಷ್ಟ್ರಿಗೆ ಅಲ್ಲಿ ಮೂರು ಸೆಕೆಂಡಿನ ಸದ್ದು ಬೇಕಿತ್ತು. ನನ್ನ ಕೀಬೋರ್ಡಿನ ರಿವರ್ಸ್ ಗೇಟ್ ಎಷ್ಟು ಹಿಗ್ಗಿಸಿದರೂ ಅದರ ಹತ್ತಿರ ಸುಳಿಯಲಿಲ್ಲ. ಅಂಥ ಉದ್ದದ್ದು ಬೇಕಾದರೆ ಹಳೆಯ ಸ್ಟುಡಿಯೊದವರು ಟೇಪನ್ನು ತಿರುಗಿಸಿ ಹಾಕಿ ಮಾಡುತ್ತಿದ್ದ ನಿಜವಾದ ವಿಧಾನಕ್ಕೇ ಹೋಗಬೇಕು. ಭರಮಸಾಗರದ ಕಡೆ ನೆಂಟರ ಮನೆಯಲ್ಲಿ ಕೆಳತುದಿಗೆ ಕಬ್ಬಿಣದ ಬಳೆ ಹಾಕಿದ ಹಳೆಯ ಒನಕೆ ಇನ್ನೂ ಇದೆ. ಅದನ್ನು ಒರಳಿಗೆ ಕುಟ್ಟಿಸಿ ಮುದ್ರಿಸಿಕೊಂಡು ಬಂದೆ. ಕುಟ್ಟಿದ ಅತ್ತೆ, ಏನೂ ಹಾಕದೆ ಬರಿಯ ಒರಳು ಕುಟ್ಟಬಾರದು ಎಂದು ಒಂದು ಹಿಡಿ ಅಕ್ಕಿ ಹಾಕಿದರು. ಅದರಿಂದ ಸದ್ದು ಮೆತ್ತಗಾಗಿ ಇನ್ನೂ ಚೆನ್ನಾಯಿತು.

ಕಂಪ್ಯೂಟರಿನಲ್ಲಿ ಮಾಡುವ ಕ್ರಮ ಹೀಗೆ. ಒಂದು ಪೆಟ್ಟನ್ನು ಕತ್ತರಿಸಿಕೊಂಡು ಅದಕ್ಕಿಂತ ಮೊದಲು ನಾಲ್ಕು ಸೆಕೆಂಡು ಮೌನ ಸೇರಿಸಬೇಕು. ಇದನ್ನು ಬಿಟ್ಟರೆ ಬಾಲ ಚಾಚಲು ಜಾಗವೇ ಇರುವುದಿಲ್ಲ, ಏಕೆಂದರೆ ಅಡಾಸಿಟಿಯ ರಿವರ್ಬ್ ಆಯ್ದ ಭಾಗದ ಆಚೆಗೆ ಹರಿಯುವುದಿಲ್ಲ. ಆ ಧ್ವನಿಪಟ್ಟಿಯ (ಟ್ರ್ಯಾಕಿನ) ಒಂದು ನಕಲು ಮಾಡಿ, ಮೂಲವನ್ನು ಹಾಗೆಯೇ ಬಿಟ್ಟು, ನಕಲನ್ನು ರಿವರ್ಸ್ ಮಾಡಬೇಕು. ಈಗ ಪೆಟ್ಟು ಮೊದಲು, ಮೌನ ಆಮೇಲೆ. ಅದಕ್ಕೆ ರಿವರ್ಬ್ ಕೊಡುವಾಗ 'ವೆಟ್ ಓನ್ಲಿ' ಎಂಬ ಚೌಕಕ್ಕೆ ಗುರುತು ಹಾಕಬೇಕು. ಬಾಲ ಮೌನದೊಳಕ್ಕೆ ಹರಡುತ್ತದೆ. ಮತ್ತೊಮ್ಮೆ ರಿವರ್ಸ್ ಮಾಡಿದರೆ ಆ ಬಾಲ ಪೆಟ್ಟಿನ ಹಿಂದೆ ಹೋಗುವ ಬದಲು ಪೆಟ್ಟಿಗೆ ದಾರಿ ಮಾಡುತ್ತ ಮುಂದೆ ಬರುತ್ತದೆ. ಎರಡೂ ಪಟ್ಟಿಗಳ ಉದ್ದ ಒಂದೇ ಆದ್ದರಿಂದ ಮೂಲ ಪೆಟ್ಟು ತಾನಾಗಿ ಸರಿಯಾದ ಜಾಗದಲ್ಲಿರುತ್ತದೆ. ನಾನು ಮೂಲ ಪೆಟ್ಟನ್ನು ಕೊನೆಗೆ ತೆಗೆದೆ. ಅದು ವೇದಿಕೆಯ ಮೇಲೆ ನಿಜವಾಗಿಯೇ ಬೀಳುವಾಗ ಯಂತ್ರದ್ದು ಏಕೆ? ಉಳಿದ ಏರಿಕೆಯನ್ನು 44.1 ಕಿಲೊಹರ್ಟ್ಸ್, 16 ಬಿಟ್‌ನ ವೇವ್ ಕಡತವಾಗಿ ಪೆನ್‌ಡ್ರೈವಿಗೆ ಹಾಕಿ ಕೀಬೋರ್ಡಿನ ಆಡಿಯೊ ಪ್ಲೇಯರ್‌ನಿಂದಲೇ ನುಡಿಸಿದೆ.

ಮುದ್ರಿಸಿದ ಸದ್ದು ಯಾರಿಗೂ ಕಾಯುವುದಿಲ್ಲವಾದ್ದರಿಂದ ಮೊದಲ ಪೆಟ್ಟಿನಲ್ಲಿ ಮೇಡಂ ಸದ್ದನ್ನು ಹಿಂಬಾಲಿಸಬೇಕಾಯಿತು. ಮುಂದಿನ ಪೆಟ್ಟುಗಳಲ್ಲಿ ಸದ್ದು ಅವರನ್ನು ಹಿಂಬಾಲಿಸಿತು. ನೋಡುವವರಿಗೆ ಇದೂ ಅರ್ಥವಾಗುವಂತಿತ್ತು: ಮೊದಲು ಅನುಮಾನದಿಂದ ಕಿವಿಗೊಟ್ಟು ನಿಂತವಳು, ಆಮೇಲೆ ತಾನೇ ಗತಿ ಹಿಡಿದವಳು. ಇದು ನಾವು ಮೊದಲೇ ಯೋಚಿಸಿದ್ದಲ್ಲ. ಮೇಷ್ಟ್ರು ಅದನ್ನು ಗುರುತಿಸಿ ಅಲ್ಲಿಂದ ಮುಂದಿನ ನಡೆಯನ್ನೇ ಬದಲಿಸಿದರು.

ಪೆಟ್ಟಿನ ಮೇಲೆ ತಮಟೆ ಬಾರಿಸುವುದೆಂದು ಮೊದಲು ಇತ್ತು. ತಮಟೆಯವರು ಒಂದು ಸಂಜೆ ಕೇಳಿ, ಏರಿಕೆ ಕಡಿದ ಜಾಗದಲ್ಲಿ ತಾವು ಬಾರಿಸಿದರೆ ಹಾಳಾಗುತ್ತದೆ ಎಂದು ತಾವೇ ಹಿಂದೆ ಸರಿದರು. ಇಂಥ ಕಿವಿಯಿರುವ ವಾದ್ಯಗಾರರ ಜೊತೆ ಕೂರುವುದು ನನ್ನ ಭಾಗ್ಯ. ಹಲಗೆಯ ಮೇಲೆ ಮರ ತಾಗಿದ ಸದ್ದು, ಅದರ ಮೇಲೊಂದು ಮೈಕು, ಆಮೇಲೆ ಏನೂ ಇಲ್ಲ.

ಪ್ರದರ್ಶನ ಇದ್ದದ್ದು ತ.ರಾ.ಸು. ರಂಗಮಂದಿರದಲ್ಲಿ. ಮಧ್ಯಾಹ್ನ ಖಾಲಿ ಸಭಾಂಗಣದಲ್ಲಿ ಸದ್ದು ಪರೀಕ್ಷಿಸಿದಾಗ ಕಡಿತದ ಹಿಂದೆಯೇ ಸಭಾಂಗಣದ ತನ್ನದೇ ಅನುರಣನ ಕೇಳಿಸಿತು. ನಾನು ಗಾಬರಿಯಾಗಲಿಲ್ಲ, ಜನ ತುಂಬಿದಾಗ ಬಟ್ಟೆಬರೆ, ಮೈಕೈಗಳೇ ಸದ್ದನ್ನು ಹೀರಿಕೊಳ್ಳುತ್ತವೆ. ಅದಕ್ಕಾಗಿ ಸಂಖ್ಯೆ ಬದಲಿಸದೆ ಒಟ್ಟು ಪ್ರಮಾಣವನ್ನಷ್ಟೇ ಸ್ವಲ್ಪ ತಗ್ಗಿಸಿದೆ. ದೂರದ ಲೆಕ್ಕವನ್ನೂ ನೋಡಿದೆ: ಸ್ಪೀಕರ್‌ನಿಂದ 20 ಮೀಟರ್ ಆಚೆ ಕುಳಿತವರಿಗೆ ಸದ್ದು ಸುಮಾರು 60 ಮಿಲಿಸೆಕೆಂಡು ತಡವಾಗಿ ಮುಟ್ಟುತ್ತದೆ, ಅಂದರೆ ಮೊಬೈಲ್ ವಿಡಿಯೊದ ಎರಡು ಚೌಕಟ್ಟಿನಷ್ಟು. ಮುಂದಿನ ಸಾಲಿಗೂ ಹಿಂದಿನ ಸಾಲಿಗೂ ಒಟ್ಟಿಗೆ ಹೊಂದಿಸಲಾಗದು. ಹಾಗಾಗಿ ನಡುವಿನ ಸಾಲಿನಲ್ಲಿ ಮೇಷ್ಟ್ರನ್ನು ಕೂರಿಸಿ, ಅವರ ಕೈಸನ್ನೆ ನೋಡಿ ಮೊದಲಿಗಿಂತ ಒಂದು ಕೂದಲೆಳೆ ಬೇಗ ಒತ್ತುವುದನ್ನು ರೂಢಿಸಿಕೊಂಡೆ. ಇನ್ನೊಂದು ಎಚ್ಚರ, ಈ ದೃಶ್ಯ ನಡೆಯುವಾಗ ಉಳಿಸಿಟ್ಟ ಸೆಟ್ಟಿಂಗುಗಳನ್ನು ಒಮ್ಮೆಗೇ ಕರೆಯುವ ರಿಜಿಸ್ಟ್ರೇಷನ್ ಗುಂಡಿ ಮುಟ್ಟಬಾರದು. ಡಿಎಸ್‌ಪಿ ಬದಲಾಗುವ ಕ್ಷಣ ನುಡಿಯುತ್ತಿರುವ ಸದ್ದು ಅಲ್ಲಿಗೇ ತುಂಡಾಗುತ್ತದೆ. ದೃಶ್ಯಕ್ಕೆ ಮುಂಚಿನ ಕತ್ತಲಲ್ಲಿ ಒಮ್ಮೆ ಒತ್ತಿ, ಮುಗಿದ ಮೇಲಿನ ಕತ್ತಲಲ್ಲಿ ಇನ್ನೊಮ್ಮೆ ಒತ್ತುವುದು ಎಂದು ಬೆಳಕಿನವರ ಜೊತೆ ಮಾತಾಡಿಕೊಂಡಿದ್ದೆವು.

ಸಂಜೆ ಸಭಾಂಗಣ ತುಂಬಿತ್ತು. ಮೂರು ಸೆಕೆಂಡಿನ ಆ ಸದ್ದು ಏಳುವಾಗ ಮುಂದಿನ ಸಾಲಿನ ಮಕ್ಕಳು ತಾಯಂದಿರ ಕಡೆ ಸರಿದದ್ದು ನನಗೆ ಕಾಣುತ್ತಿತ್ತು. ಕಡಿತದ ಮೇಲೆ ಮರ ತಾಗಿತು. ಆಮೇಲಿನ ಪೆಟ್ಟುಗಳಲ್ಲಿ ನಾನು ಹೆಗಲು ಬಿಟ್ಟು ಏನನ್ನೂ ನೋಡಲಿಲ್ಲ, ಆದ್ದರಿಂದ ಪ್ರೇಕ್ಷಕರ ಬಗ್ಗೆ ಹೇಳಲು ನನ್ನಲ್ಲಿ ಬೇರೆ ಏನೂ ಇಲ್ಲ. ಮುಗಿದ ಮೇಲೆ ಮೇಷ್ಟ್ರು ಬಂದು ನನ್ನ ಎಡಗೈ ಹಿಡಿದುಕೊಂಡರು, ಮೇಡಂ ಮಾತ್ರ ನಾಲ್ಕನೆಯ ಪೆಟ್ಟಿನಲ್ಲಿ ನಾನು ಅವರಿಗಿಂತ ಮೊದಲೇ ತಲುಪಿದೆ ಎಂದು ವಾದಿಸಿದರು. ವಿಡಿಯೊ ನೋಡಿ ಚೌಕಟ್ಟು ಎಣಿಸಿದೆವು. ಒಂದೇ ಒಂದು ಚೌಕಟ್ಟಿನ ವ್ಯತ್ಯಾಸವಿತ್ತು, ಅವರ ಮಾತೇ ನಿಜ.

ಈಗ ಹೊಸದುರ್ಗದ ಕಡೆಯ ತಂಡವೊಂದು ಅದೇ ದೃಶ್ಯವನ್ನು ಆಡಲು ಹೊರಟಿದೆ. ಅವರ ಕೀಬೋರ್ಡ್ ಹುಡುಗ ಫೋನ್ ಮಾಡಿ ಸೆಟ್ಟಿಂಗ್ ಕೇಳಿದ. ಅವನದು ರೋಲ್ಯಾಂಡ್ ಕಂಪನಿಯ ಹಳೆಯ ಜೆವಿ-1080 ಮಾಡ್ಯೂಲ್ (ಮಣೆಗಳಿಲ್ಲದ ಧ್ವನಿಪೆಟ್ಟಿಗೆ) ಜೋಡಿಸಿದ ವಾದ್ಯ. ಅದರಲ್ಲಿ ಗೇಟ್ ರಿವರ್ಬ್ ಎಂಬುದರೊಳಗೆ ರಿವರ್ಸ್ ಎಂಬ ಬಗೆ ಇದೆ. ರೂಮ್ ಸೈಜ್ ಬದಲು ಗೇಟ್ ಟೈಮ್ ನೇರವಾಗಿ ಮಿಲಿಸೆಕೆಂಡಿನಲ್ಲಿಯೇ ಸಿಗುತ್ತದೆ, 5ರಿಂದ 500ರವರೆಗೆ, ಅಲೆ ಮುದ್ರಿಸಿ ಅಳೆಯುವ ಶ್ರಮವೂ ಅವನಿಗಿಲ್ಲ. 450ರಿಂದ ಶುರು ಮಾಡು ಎಂದಿದ್ದೇನೆ. ಅವರ ಓಬವ್ವ ಒನಕೆ ಎತ್ತಿ ಇಳಿಸುವ ವಿಡಿಯೊವನ್ನು ಪಕ್ಕದಿಂದ ತೆಗೆದು ಕಳಿಸಿದರೆ ಕುಳಿತು ಚೌಕಟ್ಟು ಎಣಿಸಿಕೊಡುತ್ತೇನೆ.